ಚಳ್ಳಕೆರೆ ಬಿಸಿಲು ತಾಳಿದ ರೋಸ್‌ಮೇರಿ ಹಸ್ತಾ ಮಳೆಗೆ ಒಣಗಿದ್ದೇಕೆ?

ಚಳ್ಳಕೆರೆ_ಬಿಸಿಲು

ಮನೆಯ ದಕ್ಷಿಣಕ್ಕೆ ಉದ್ದನೆಯ ಪಟ್ಟಿ ಇದೆ, ದಿನಕ್ಕೆ ಏಳೆಂಟು ಗಂಟೆ ನೇರ ಬಿಸಿಲು. ಮೇಲೆ ಒಂದಡಿ ಕೆಮ್ಮಣ್ಣು, ಕೆಳಗೆ ಗಟ್ಟಿ ಗರಸು. ಬೋರ್‌ವೆಲ್ ನೀರು, ಗಡಸು. ಜನವರಿಯಲ್ಲಿ ನೆಟ್ಟ ಆರು ರೋಸ್‌ಮೇರಿ ಗಿಡಗಳು ಏಪ್ರಿಲ್, ಮೇ ಎರಡನ್ನೂ ದಾಟಿದವು. ಹಸ್ತಾ ಮಳೆ ಹಿಡಿದು ಹತ್ತು ದಿನವಾಗುವಷ್ಟರಲ್ಲಿ ಮೂರು ಗಿಡ ಬುಡದಿಂದ ಮೇಲಕ್ಕೆ ಕಂದಾಗಿವೆ. ನೋಡಿದರೆ ನೀರಿಲ್ಲದೆ ಒಣಗಿದ ಹಾಗಿವೆ, ಮುಟ್ಟಿದರೆ ಮಣ್ಣು ಒದ್ದೆ. ಉಳಿದ ಮೂರನ್ನು ಕಾಪಾಡುವುದು ಹೇಗೆ? ಮತ್ತೆ ನೆಡುವಾಗ ಏನು ಬದಲಿಸಬೇಕು?

ಹಿರಿಯೂರು_ಹಸಿರು

ಮೊದಲು ಸತ್ತ ಗಿಡ ಒಂದನ್ನು ಕಿತ್ತು ಬೇರು ನೋಡಿ. ಬದುಕಿರುವ ಬೇರು ತಿಳಿ ಕಂದು ಅಥವಾ ಕೆನೆ ಬಣ್ಣಕ್ಕಿದ್ದು ಎಳೆದರೆ ಗಟ್ಟಿಯಾಗಿರುತ್ತದೆ. ಕೊಳೆತ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಕಪ್ಪು ಸಿಪ್ಪೆ ಜಾರಿ ಕೈಗೆ ಬರುತ್ತದೆ, ಒಳಗಿನ ನಾರು ದಾರದ ಹಾಗೆ ಉಳಿಯುತ್ತದೆ. ಆಮೇಲೆ ನಿಂತಿರುವ ಗಿಡಗಳ ಕಾಂಡವನ್ನು ಮಣ್ಣಿನಿಂದ ಎರಡು ಇಂಚು ಮೇಲೆ ಉಗುರಿನಲ್ಲಿ ಕೆರೆಯಿರಿ. ಹಸಿರು ಕಂಡರೆ ಜೀವ ಇದೆ. ಕಂದು ಕಂಡರೆ ಆ ಗಿಡವನ್ನು ಬಿಟ್ಟುಬಿಡಿ.

ನೀವು ಬರೆದಿರುವ ಲಕ್ಷಣ ಬೇರುಕೊಳೆಯದು. ಫೈಟಾಫ್ತೊರಾ, ಪಿಥಿಯಂ, ರೈಜಾಕ್ಟೋನಿಯಾ ಎಂಬ ಮಣ್ಣಿನ ರೋಗಾಣುಗಳು ಈ ಕೆಲಸ ಮಾಡುತ್ತವೆ. ಮೊದಲೆರಡರ ಬೀಜಕಣಗಳು ಮಣ್ಣಿನ ಸಂದಿಯಲ್ಲಿ ನಿಂತ ನೀರಿನಲ್ಲಿ ಈಜಿಕೊಂಡು ಬೇರಿಗೆ ಬರುತ್ತವೆ. ಸಂದಿಯಲ್ಲಿ ಗಾಳಿ ಇದ್ದರೆ ಅವುಗಳ ಆಟ ನಡೆಯುವುದಿಲ್ಲ, ನೀರು ನಿಂತರೆ ನಡೆಯುತ್ತದೆ. ಬೇರು ಸತ್ತ ಮೇಲೆ ಎಲೆಗೆ ನೀರು ಏರುವುದಿಲ್ಲ, ಆದ್ದರಿಂದ ಗಿಡ ಬಾಯಾರಿದಂತೆ ಕಾಣುತ್ತದೆ. ಇನ್ನೊಂದು ಕೊಡ ಸುರಿಯೋಣ ಅನ್ನಿಸುವುದು ಆಗಲೇ. ಅದನ್ನು ಮಾತ್ರ ಮಾಡಬೇಡಿ.

ಉಳಿದ ಮೂರಕ್ಕೆ ಇವತ್ತೇ ಮಾಡಬೇಕಾದ್ದು: ಬುಡದಲ್ಲಿ ಹುಲ್ಲು, ತರಗೆಲೆ ಹೊದಿಕೆ ಇದ್ದರೆ ಎಲ್ಲ ತೆಗೆಯಿರಿ. ಕಾಂಡದ ಸುತ್ತ ಏರಿಸಿದ ಮಣ್ಣನ್ನು ಕೈಯಲ್ಲೇ ಬಿಡಿಸಿ, ಬೇರು ಶುರುವಾಗುವ ಜಾಗ ಗಾಳಿಗೆ ತೆರೆದಿರಲಿ. ಪಟ್ಟಿಯ ಇಳಿಜಾರಿನ ಕಡೆಗೆ ಒಂದಡಿ ಆಳದ ಕಾಲುವೆ ತೆಗೆದು ನೀರು ಹೊರಗೆ ಬಿಡಿ. ಔಷಧಿಗೆ ಓಡುವ ಮೊದಲು ನೀರಿಗೆ ದಾರಿ ಮಾಡಿ. ನೀರು ನಿಂತಿರುವವರೆಗೆ ಯಾವ ಔಷಧಿ ಸುರಿದರೂ ಪ್ರಯೋಜನವಿಲ್ಲ.

ಅಡಿಲೇಡ್_ಕನ್ನಡತಿ

ಹೋಲಿಕೆಗೆ ಇಲ್ಲಿನ ಲೆಕ್ಕ ಕೊಡುತ್ತೇನೆ. ಆಸ್ಟ್ರೇಲಿಯಾದ ಅಡಿಲೇಡಿನಲ್ಲೂ ವರ್ಷಕ್ಕೆ ಬೀಳುವುದು 500 ಮಿ.ಮೀ. ಆಸುಪಾಸಿನ ಮಳೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಆದರೂ ರಸ್ತೆ ಬದಿಯಲ್ಲಿ ರೋಸ್‌ಮೇರಿ ಬೇಲಿಗಳು ಯಾರೂ ನೀರು ಹಾಕದೆ ವರ್ಷಗಟ್ಟಲೆ ನಿಲ್ಲುತ್ತವೆ. ವ್ಯತ್ಯಾಸ ಮಳೆ ಬರುವ ಕಾಲದ್ದು. ಇಲ್ಲಿನ ಮಳೆ ಹೆಚ್ಚಾಗಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ, ಅಂದರೆ ಚಳಿಗಾಲದಲ್ಲಿ. ತಣ್ಣನೆಯ ಮಣ್ಣಿನಲ್ಲಿ ಕೊಳೆರೋಗ ನಿಧಾನ. ಬಿಸಿಲು ಬರುವ ಹೊತ್ತಿಗೆ ಮಣ್ಣು ಒಣಗಿರುತ್ತದೆ. ಗಿಡದ ತವರಾದ ಮೆಡಿಟರೇನಿಯನ್ ಕರಾವಳಿಯಲ್ಲೂ ಇದೇ ಕ್ರಮ. ಚಳ್ಳಕೆರೆಯ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನದು, ಆಗ ಮಣ್ಣು ಇನ್ನೂ ಬೆಚ್ಚಗಿರುತ್ತದೆ. ಬೆಚ್ಚಗೂ ಒದ್ದೆಯೂ ಒಟ್ಟಿಗೆ ಬರುವುದು ಈ ಗಿಡದ ಹುಟ್ಟಿನಲ್ಲೇ ಇಲ್ಲ. ವಿದೇಶದ ವಿಡಿಯೊ ನೋಡಿ ನೆಡುವವರು ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಗಿಡ ಬಿಸಿಲನ್ನು ಹೇಗೆ ತಾಳುತ್ತದೆ ಎಂದು ನೋಡಬೇಕಾದರೆ ಒಂದು ಎಲೆ ಕಿತ್ತು ತಿರುಗಿಸಿ. ಎರಡೂ ಅಂಚು ಕೆಳಕ್ಕೆ ಸುರುಳಿಯಾಗಿ ಮಡಿಸಿಕೊಂಡಿರುತ್ತವೆ, ನಡುವಿನ ಸಣ್ಣ ತೋಡಿನಲ್ಲಿ ಬಿಳಿ ಕಂಬಳಿಯಂಥ ರೋಮ. ಎಲೆ ಉಸಿರಾಡುವ ರಂಧ್ರಗಳೆಲ್ಲ ಆ ರೋಮದ ಮರೆಯಲ್ಲಿವೆ, ಬಿಸಿಗಾಳಿ ನೇರವಾಗಿ ತಾಗುವುದಿಲ್ಲ. ಬರಕ್ಕೆ ಇಷ್ಟೆಲ್ಲ ಸಿದ್ಧತೆ ಇರುವ ಗಿಡದ ಬೇರಿಗೆ ನಿಂತ ನೀರಿನ ವಿರುದ್ಧ ಯಾವ ರಕ್ಷಣೆಯೂ ಇಲ್ಲ.

ಎರಿಹೊಲ

ನಮ್ಮ ಬಾಗಲಕೋಟಿ ಕಡೆ ಎರಿ ಭೂಮಿ ಇದ್ದವರೂ ಓದತಿರ್ತಾರ, ಅದಕ್ಕ ಹೇಳತೀನಿ. ಎರಿ ಮಣ್ಣಾಗ ತಗ್ಗು ತೋಡಿ ಉಸುಕು ತುಂಬಿ ನಡಬ್ಯಾಡ್ರಿ. ಸುತ್ತಲಿನ ಎರಿ ನೀರು ಹಿಡಕೊಂಡು ನಿಂತಿರತೈತಿ, ಉಸುಕಿನ ತಗ್ಗಿಗೆ ಎಲ್ಲಾ ಕಡಿಂದ ಇಳೀತೈತಿ, ಹೊರಗ ಹೋಗಾಕ ದಾರಿ ಇಲ್ಲ. ಅದು ಗಿಡದ ತಗ್ಗಲ್ಲ, ಬಾವಿ ಆಗತೈತಿ. ಎರಿ ಮ್ಯಾಲ ಒಂದೂವರಿ ಅಡಿ ಎತ್ತರ ದಿಣ್ಣಿ ಮಾಡ್ರಿ, ಮಸಾರಿ (ಕೆಂಪು) ಮಣ್ಣು ಗರಸು ಕೂಡಿಸಿ. ಗಿಡ ದಿಣ್ಣಿ ನೆತ್ತಿ ಮ್ಯಾಲ. ಇನ್ನೊಂದು, ಎರಿ ಬ್ಯಾಸಿಗ್ಯಾಗ ಬಿರುಕು ಬಿಟ್ಟಾಗ ಬೇರು ಹರೀತಾವ, ದಿಣ್ಣಿ ಮ್ಯಾಲ ಆ ತ್ರಾಸೂ ಇಲ್ಲ.

ಚಳ್ಳಕೆರೆ_ಬಿಸಿಲು

ಕಿತ್ತು ನೋಡಿದೆ. ಸಿಪ್ಪೆ ಹೇಳಿದ ಹಾಗೆಯೇ ಜಾರಿತು. ಉಳಿದ ಮೂರರ ಕಾಂಡ ಹಸಿರಿದೆ. ಸತ್ತ ಮೂರೂ ಪಟ್ಟಿಯ ಒಂದೇ ತುದಿಯಲ್ಲಿವೆ, ತಾರಸಿಯ ಮಳೆನೀರಿನ ಪೈಪು ಬೀಳುವ ಕಡೆ. ಸತ್ತ ಗಿಡದ ಬೇರಿನ ನಡುವೆ ಕೋಕೋಪೀಟಿನ (ತೆಂಗಿನ ನಾರಿನ ಪುಡಿಯ) ಉಂಡೆ ನೆಟ್ಟಾಗ ಇದ್ದ ಆಕಾರದಲ್ಲೇ ಇತ್ತು.

ಹಿರಿಯೂರು_ಹಸಿರು

ಕಾರಣ ಎರಡೂ ಸಿಕ್ಕವು.

ಪೈಪಿನ ಲೆಕ್ಕ ಹಾಕಿ. 600 ಚದರಡಿ ತಾರಸಿಗೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 2,800 ಲೀಟರ್ ನೀರು ಆ ಒಂದು ಮೂಲೆಗೆ ಸುರಿಯುತ್ತದೆ. ಒಣ ಊರಿನ ಗಿಡಕ್ಕೆ ಅದು ಮಲೆನಾಡು. ಪೈಪಿಗೆ ಮೊಣಕೈ ಜೋಡಿಸಿ ನೀರನ್ನು ಬೇರೆ ಕಡೆ, ಸಾಧ್ಯವಾದರೆ ಡ್ರಮ್ಮಿಗೆ ತಿರುಗಿಸಿ.

ಕೋಕೋಪೀಟ್ ಎರಡನೆಯದು. ನರ್ಸರಿ ಸಸಿ ಹೆಚ್ಚಾಗಿ ಬರುವುದು ಅದರಲ್ಲೇ. ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ. ಸುತ್ತಲಿನ ಕೆಮ್ಮಣ್ಣು ಒಣಗಿದರೂ ಮಳೆಗಾಲದಲ್ಲಿ ಉಂಡೆಯ ಒಳಗೆ ಪಸೆ ಆರುವುದಿಲ್ಲ. ಬೇಸಿಗೆಯಲ್ಲಿ ತಿರುಗು ಮುರುಗು: ಪೂರ್ತಿ ಒಣಗಿದ ಕೋಕೋಪೀಟ್ ನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಪಾತಿಯಲ್ಲಿ ನೀರು ನಿಂತಿದ್ದರೂ ಬೇರು ಒಣಗಿರುತ್ತದೆ. ನೆಡುವ ಮುಂಚೆ ಉಂಡೆಯನ್ನು ಬಕೆಟ್ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಬೆರಳಿನಿಂದ ಸಡಿಲಿಸಿ, ಹೊರಗಿನ ಮೂರನೇ ಒಂದು ಭಾಗದಷ್ಟಾದರೂ ಉದುರಿಸಿ. ನಾಲ್ಕು ಬೇರು ಹರಿದರೆ ಚಿಂತೆಯಿಲ್ಲ. ಬೇರು ಹೊಸ ಮಣ್ಣಿಗೆ ತಾಗಬೇಕು.

ಈಗ ಗರಸಿನ ಪರೀಕ್ಷೆ. ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೋಡಿ ನೀರು ತುಂಬಿ, ಇಂಗಲು ಬಿಡಿ. ಎರಡನೇ ಸಲ ತುಂಬಿದಾಗ ಕಡ್ಡಿ ನೆಟ್ಟು ಗುರುತು ಹಾಕಿ. ಗಂಟೆಗೆ ಒಂದು ಇಂಚಿಗಿಂತ ಹೆಚ್ಚು ಇಳಿದರೆ ನೆಲದಲ್ಲೇ ನೆಡಬಹುದು. ಕಡಿಮೆ ಇಳಿದರೆ ಏರುಮಡಿ ಕಡ್ಡಾಯ.

ಕುಂಡ_ಕೈತೋಟ

ಬೆಂಗಳೂರಿನ ತಾರಸಿಯಲ್ಲಿ ಬೆಳೆಯುವವರಿಗೆ ನೆಲದ ನಿಯಮ ಅರ್ಧ ಮಾತ್ರ ಅನ್ವಯ. "ರೋಸ್‌ಮೇರಿಗೆ ನೀರು ಬೇಡ" ಎನ್ನುವುದು ನೆಲದಲ್ಲಿ ಬೇರು ಇಳಿಸಿದ ಎರಡು ವರ್ಷದ ಗಿಡದ ಮಾತು. ಕುಂಡದ ಬೇರಿಗೆ ಹೋಗಲು ಬೇರೆ ಜಾಗವಿಲ್ಲ. ಏಪ್ರಿಲ್‌ನಲ್ಲಿ 12 ಇಂಚಿನ ಮಣ್ಣಿನ ಕುಂಡಕ್ಕೆ ಎರಡು ದಿನಕ್ಕೊಮ್ಮೆ, ತಳದ ತೂತಿನಿಂದ ನೀರು ಹೊರಬರುವವರೆಗೆ ಕೊಡಬೇಕು. ಡಿಸೆಂಬರಿನಲ್ಲಿ ವಾರಕ್ಕೊಮ್ಮೆ ಸಾಕು. ದಿನ ಎಣಿಸುವುದಕ್ಕಿಂತ ಕುಂಡ ಎತ್ತಿ ತೂಕ ನೋಡುವುದು ಮೇಲು. ನೀರು ಹಾಕಿದ ಮೇಲೆ ಒಮ್ಮೆ ಎತ್ತಿ, ಒಣಗಿದಾಗ ಒಮ್ಮೆ ಎತ್ತಿ. ಒಂದು ವಾರದಲ್ಲಿ ಕೈಗೆ ಅಭ್ಯಾಸವಾಗುತ್ತದೆ.

ತುಳಸಿ, ಪುದೀನ ಬಾಯಾರಿದರೆ ಎಲೆ ಜೋಲು ಬಿಡುತ್ತವೆ. ರೋಸ್‌ಮೇರಿ ಹಾಗೆ ಸುಳಿವು ಕೊಡುವುದಿಲ್ಲ. ಎಲೆ ಸ್ವಲ್ಪ ಬೂದು ತಿರುಗಿ, ಮುಟ್ಟಿದರೆ ಸರಸರ ಸದ್ದು ಬರುವ ಹೊತ್ತಿಗೆ ಮುಗಿದಿರುತ್ತದೆ. ಆದ್ದರಿಂದ ಕುಂಡದಲ್ಲಿ ಗಿಡ ನೋಡಿ ನೀರು ಹಾಕಬೇಡಿ, ಮಣ್ಣು ನೋಡಿ ಹಾಕಿ.

ಕುಂಡದ ಮಿಶ್ರಣ: ಎರಡು ಬಾಂಡ್ಲಿ ಕೆಮ್ಮಣ್ಣು, ಒಂದೂವರೆ ಬಾಂಡ್ಲಿ ದಪ್ಪ ಮರಳು ಅಥವಾ 6 ಎಂ.ಎಂ. ಜಲ್ಲಿ, ಅರ್ಧ ಬಾಂಡ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಎಂ-ಸ್ಯಾಂಡ್ (ಕಲ್ಲು ಒಡೆದು ಮಾಡಿದ ಮರಳು) ಬಳಸುವುದಾದರೆ ಜರಡಿ ಹಿಡಿದು ಪುಡಿ ತೆಗೆಯಿರಿ. ಆ ಹಿಟ್ಟಿನಂಥ ಪುಡಿ ನೀರು ಬಿದ್ದಾಗ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ.

ಮಲ್ಲಿಗೆ_ಪಾತಿ

ಕುಂಡದ ತಳಕ್ಕೆ ಎರಡು ಇಂಚು ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ? ಅದನ್ನು ಬರೆದಿಲ್ಲವಲ್ಲ ಸರ್.

ಕುಂಡ_ಕೈತೋಟ

ಬೇಕೆಂದೇ ಬಿಟ್ಟೆ ಮೇಡಂ. ನುಣುಪು ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ತೊಯ್ದು ತೊಟ್ಟಿಕ್ಕುವಷ್ಟಾದ ಮೇಲೆ ಮಾತ್ರ ಇಳಿಯುತ್ತದೆ. ತಳದಲ್ಲಿ ಸದಾ ಒದ್ದೆಯಾಗಿರುವ ಒಂದು ಪದರ ಎಲ್ಲ ಕುಂಡದಲ್ಲೂ ಇರುತ್ತದೆ. ಜಲ್ಲಿ ಹಾಕಿದರೆ ಆ ಪದರ ಎರಡು ಇಂಚು ಮೇಲೇರಿ ಬೇರಿನ ಹತ್ತಿರ ಬರುತ್ತದೆ. ಜಲ್ಲಿಯನ್ನು ಇಡೀ ಮಣ್ಣಿಗೆ ಬೆರೆಸಿ, ತಳದ ತೂತಿನ ಮೇಲೆ ಒಂದು ಹಂಚಿನ ಚೂರು ಮಗುಚಿ ಹಾಕಿ, ಅಷ್ಟೇ ಸಾಕು. ಕುಂಡವನ್ನು ಇಟ್ಟಿಗೆಯ ಮೇಲೆ ಕೂರಿಸಿ, ಕೆಳಗೆ ತಟ್ಟೆ ಇಡಬೇಡಿ.

ಕಪ್ಪು ಪ್ಲಾಸ್ಟಿಕ್ ಕುಂಡ ತಾರಸಿಗೆ ಬೇಡ. ಮಧ್ಯಾಹ್ನ ಎರಡು ಗಂಟೆಗೆ ಅದರ ಪಡುವಣ ಮೈ ಮುಟ್ಟಿದರೆ ಕೈ ಸುಡುತ್ತದೆ. ಬೇರೂ ಅಲ್ಲೇ ಅಂಟಿಕೊಂಡಿರುತ್ತದೆ. ಅದೇ ಇರುವುದಾದರೆ ಹೊರಗೆ ಸುಣ್ಣ ಬಳಿಯಿರಿ.

ಚಳ್ಳಕೆರೆ_ಬಿಸಿಲು

ಪರೀಕ್ಷೆ ಮಾಡಿದೆ. ಎರಡನೇ ಸಲ ತುಂಬಿದ ನೀರು ಒಂದು ಗಂಟೆಯಲ್ಲಿ ಅರ್ಧ ಇಂಚೂ ಇಳಿದಿಲ್ಲ. ಏರುಮಡಿಯೇ ಮಾಡುತ್ತೇನೆ. 10 ಅಡಿ ಉದ್ದ, 3 ಅಡಿ ಅಗಲಕ್ಕೆ ಎಷ್ಟು ಮಣ್ಣು ಬೇಕು, ಎಷ್ಟು ಗಿಡ ಹಿಡಿಯುತ್ತದೆ?

ಹಿರಿಯೂರು_ಹಸಿರು

ಒಂದೂವರೆ ಅಡಿ ಎತ್ತರಕ್ಕೆ 45 ಘನ ಅಡಿ. ಅದರಲ್ಲಿ 22 ಕೆಮ್ಮಣ್ಣು, 17 ದಪ್ಪ ಮರಳು ಮತ್ತು ಸಣ್ಣ ಜಲ್ಲಿ, 6 ಕೊಟ್ಟಿಗೆ ಗೊಬ್ಬರ. ಗೊಬ್ಬರ ಇದಕ್ಕಿಂತ ಹೆಚ್ಚು ಬೇಡ. ಸಾರ ಜಾಸ್ತಿಯಾದರೆ ಚಿಗುರು ಮೆತ್ತಗೆ, ಉದ್ದುದ್ದ ಬೆಳೆದು ಜೋತು ಬೀಳುತ್ತದೆ, ಪರಿಮಳ ಕಡಿಮೆ, ಬೂದಿರೋಗಕ್ಕೂ ದಾರಿ. ಮಣ್ಣು ತುಂಬುವ ಮೊದಲು ಕೆಳಗಿನ ನೆಲವನ್ನು ಹಾರೆಯಿಂದ ಒಂದು ಗೇಣು ಕೆದಕಿ ಬಿಡಿ. ಇಲ್ಲದಿದ್ದರೆ ಮಡಿಯ ಮಣ್ಣು ಬೇರೆ, ನೆಲ ಬೇರೆ ಎಂಬ ಹಾಗೆ ನಡುವೆ ನೀರು ನಿಲ್ಲುತ್ತದೆ. ಅಂಚಿಗೆ ಸೈಜುಗಲ್ಲು ಜೋಡಿಸಿದರೆ ಗಾರೆ ಹಾಕಬೇಡಿ, ಸಂದಿಯಿಂದ ನೀರು ಬಸಿಯಲಿ.

ನಡುವಿನ ಒಂದೇ ಸಾಲಿನಲ್ಲಿ ಎರಡೆರಡು ಅಡಿಗೆ ಒಂದರಂತೆ ಐದು ಗಿಡ. ಹೊಲದಲ್ಲಿ ಎಣ್ಣೆಗಾಗಿ ಬೆಳೆಯುವವರು ಒಂದೂವರೆ ಅಡಿಗೆ ನೆಡುತ್ತಾರೆ, ಆದರೆ ಅವರು ಬಾರಿ ಬಾರಿ ಕೊಯ್ದು ಗಿಡ ಚಿಕ್ಕದಾಗಿಯೇ ಇಡುತ್ತಾರೆ. ಮನೆಯಲ್ಲಿ ಅಷ್ಟು ಕೊಯ್ಲು ಇರುವುದಿಲ್ಲ, ಗಿಡಗಳ ನಡುವೆ ಗಾಳಿ ಆಡಬೇಕು.

ಸ್ವಾತಿ ಮಳೆ ಮುಗಿಯಲಿ, ಆಮೇಲೆ ನೆಡಿ. ನವೆಂಬರ್ ಎರಡನೇ ವಾರದಿಂದ ಫೆಬ್ರವರಿವರೆಗೆ ತಂಪು ಹವೆ, ಒಣ ಗಾಳಿ, ಹಿತವಾದ ಬಿಸಿಲು. ನಮ್ಮ ಸೀಮೆಯಲ್ಲಿ ಈ ಗಿಡಕ್ಕೆ ತವರಿನಂತಹ ದಿನಗಳು ಅವೇ. ನರ್ಸರಿ ಉಂಡೆಯ ಮೇಲ್ಭಾಗ ಮಡಿಯ ಮಟ್ಟಕ್ಕಿಂತ ಅರ್ಧ ಇಂಚು ಎತ್ತರದಲ್ಲಿರಲಿ. ಹೊದಿಕೆಗೆ ಹುಲ್ಲಿನ ಬದಲು ಒಂದಿಂಚು ಜಲ್ಲಿ ಹರಡಿ.

ನೀರು: ಮೊದಲ ಮೂರು ವಾರ ಮೂರು ದಿನಕ್ಕೊಮ್ಮೆ ಗಿಡಕ್ಕೆ 2 ಲೀಟರ್. ಫೆಬ್ರವರಿ ಕೊನೆಯವರೆಗೆ ವಾರಕ್ಕೊಮ್ಮೆ 4 ಲೀಟರ್. ಮೊದಲ ಬೇಸಿಗೆಯಲ್ಲಿ ಐದಾರು ದಿನಕ್ಕೊಮ್ಮೆ 8 ಲೀಟರ್. ಡ್ರಿಪ್ ಇದ್ದರೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್‌ಗಳನ್ನು ಕಾಂಡದಿಂದ ಒಂದು ಗೇಣು ದೂರ ಆಚೀಚೆ ಇಟ್ಟು ಒಂದು ಗಂಟೆ ಬಿಡಿ. ಎರಡನೇ ಬೇಸಿಗೆಯಿಂದ ಹತ್ತು ಹದಿನೈದು ದಿನಕ್ಕೊಮ್ಮೆ ಸಾಕು. ದಿನಾ ಒಂದೊಂದು ಚೊಂಬು ಚಿಮುಕಿಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ: ಬೇರು ಮೇಲೆಯೇ ಉಳಿಯುತ್ತದೆ, ಬುಡ ಸದಾ ಒದ್ದೆ.

ಮಲ್ಲಿಗೆ_ಪಾತಿ

ಉಳಿದ ಮೂರು ಗಿಡದಿಂದ ಕಡ್ಡಿ ತೆಗೆದು ಹೊಸ ಗಿಡ ಮಾಡಿಕೊಳ್ಳಿ, ಕಾಯಬೇಡಿ. ಬೀಜದ ಆಸೆ ಬೇಡ. ಮೊಳೆಯುವುದೇ ಕಡಿಮೆ, ಮೊಳೆತರೂ ಗಿಡ ಅನ್ನಿಸಿಕೊಳ್ಳಲು ಒಂದು ವರ್ಷ ಬೇಕು.

ಕಡ್ಡಿ ಆರಿಸುವುದರಲ್ಲೇ ಅರ್ಧ ಕೆಲಸ. ಗೆಲ್ಲಿನ ತುದಿಯನ್ನು ಬಗ್ಗಿಸಿ ನೋಡಿ. ದಾರದ ಹಾಗೆ ಬಳುಕಿದರೆ ತೀರಾ ಎಳಸು, ಅದು ಕೊಳೆಯುತ್ತದೆ. ಪಟ್ಟನೆ ಮುರಿದರೆ ಬಲಿತು ಹೋಗಿದೆ, ಬೇರು ಬಿಡಲು ತಿಂಗಳುಗಟ್ಟಲೆ ಬೇಕು. ಬಗ್ಗಿ ಮತ್ತೆ ನೆಟ್ಟಗಾಗುವ, ಬುಡ ತಿಳಿ ಕಂದಿಗೆ ತಿರುಗುತ್ತಿರುವ ಕಡ್ಡಿ ಬೇಕು. ನಾಲ್ಕರಿಂದ ಐದು ಇಂಚು ಉದ್ದಕ್ಕೆ, ಎಲೆ ಹುಟ್ಟುವ ಗಿಣ್ಣಿನ ಸ್ವಲ್ಪ ಕೆಳಗೆ, ಸ್ಪಿರಿಟ್ಟಿನಲ್ಲಿ ಒರೆಸಿದ ಬ್ಲೇಡಿನಿಂದ ಕತ್ತರಿಸಿ. ನಿಮ್ಮಲ್ಲಿ ಕೊಳೆರೋಗ ಇರುವುದರಿಂದ ನೆಲಕ್ಕೆ ತಾಗುವ ಗೆಲ್ಲು ಬೇಡ, ಮೇಲಿನ ತುದಿಗಳೇ ಆಗಬೇಕು. ಕೆಳಗಿನ ಎರಡೂವರೆ ಇಂಚಿನ ಎಲೆಗಳನ್ನು ಮೇಲಕ್ಕೆ ಎಳೆಯದೆ ಕೆಳಮುಖವಾಗಿ ಸವರಿ ತೆಗೆಯಿರಿ. ಬೇರು ಬರಿಸುವ ಪುಡಿ ಇದ್ದರೆ ತುದಿಗೆ ಸೋಕಿಸಿ ಕೊಡವಿ, ಇಲ್ಲದಿದ್ದರೂ ನಡೆಯುತ್ತದೆ.

ಮೂರು ಪಾಲು ತೊಳೆದ ದಪ್ಪ ಮರಳಿಗೆ ಒಂದು ಪಾಲು ಕೋಕೋಪೀಟ್. ಪೆನ್ಸಿಲ್‌ನಿಂದ ತೂತು ಮಾಡಿ ಕಡ್ಡಿ ಇಳಿಸಿ ಬೆರಳಲ್ಲಿ ಒತ್ತಿ. ಬೆಳಕಿರುವ ನೆರಳಿನಲ್ಲಿಡಿ. ಐದಾರು ವಾರದ ಮೇಲೆ ಮೆಲ್ಲಗೆ ಎಳೆದಾಗ ಬಿಗಿಯಾಗಿದ್ದರೆ ಬೇರು ಬಂದಿದೆ. ಹತ್ತು ಹಾಕಿದರೆ ಆರೇಳು ಹಿಡಿಯುತ್ತವೆ ಅಂದುಕೊಂಡು ಲೆಕ್ಕ ಹಾಕಿ.

ಅಡಿಲೇಡ್_ಕನ್ನಡತಿ

ಕಡ್ಡಿಯ ಮಾತಿಗೆ ಒಂದು ಸೇರಿಸುತ್ತೇನೆ. ಇಲ್ಲಿನ ನರ್ಸರಿಗಳಲ್ಲಿ ಗಲಿಪೊಲಿ ರೋಸ್‌ಮೇರಿ ಎಂಬ ತಳಿ ಸಿಗುತ್ತದೆ. 1915ರ ಯುದ್ಧದಲ್ಲಿ ಗಾಯಗೊಂಡ ಸೈನಿಕರೊಬ್ಬರು ಟರ್ಕಿಯ ಗಲಿಪೊಲಿಯಿಂದ ತಂದ ಗಿಡವನ್ನು ಅಡಿಲೇಡಿನ ಕೆಸ್ವಿಕ್ ಸೇನಾ ಆಸ್ಪತ್ರೆಯಲ್ಲಿ ನೆಟ್ಟರು, ಅದರ ಕಡ್ಡಿಗಳಿಂದ ಬಂದದ್ದು ಇದು. ಯುದ್ಧದಲ್ಲಿ ಮಡಿದವರನ್ನು ನೆನೆಯುವ ಏಪ್ರಿಲ್ 25ರ ಆ್ಯನ್‌ಝಾಕ್ ದಿನ ಜನ ಎದೆಗೆ ಸಿಕ್ಕಿಸಿಕೊಳ್ಳುವುದು ರೋಸ್‌ಮೇರಿ ಚಿಗುರನ್ನೇ. ಬೀಜದಿಂದ ಬಂದ ಗಿಡ ತಾಯಿಯಂತೆಯೇ ಇರಬೇಕೆಂದಿಲ್ಲ, ಕಡ್ಡಿಯ ಗಿಡ ತಾಯಿಯೇ.

ಕುಂಡ_ಕೈತೋಟ

ಕತ್ತರಿಸುವ ಮಾತು ಯಾರೂ ಆಡಿಲ್ಲ, ಗಿಡ ಕೆಡುವುದು ಅಲ್ಲೂ ಉಂಟು. ಎಲೆ ಇರುವ ಹಸಿರು ಭಾಗದಲ್ಲಿ ಮಾತ್ರ ಕತ್ತರಿಸಿ. ಎಲೆ ಉದುರಿ ಬರೀ ಕಟ್ಟಿಗೆಯಾದ ಜಾಗಕ್ಕೆ ಕತ್ತರಿ ಇಟ್ಟರೆ ಆ ಗೆಲ್ಲು ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲ. ದಾಸವಾಳ, ಗುಲಾಬಿ ಕಡಿದ ಹಾಗೆ ಇದನ್ನು ಮೊಂಡು ಮಾಡುವಂತಿಲ್ಲ. ಒಂದು ಸಲಕ್ಕೆ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಫೆಬ್ರವರಿಯಲ್ಲಿ ಒಮ್ಮೆ, ಮುಂಗಾರಿಗೆ ಮೊದಲು ಒಳಗಿನ ಒತ್ತು ಗೆಲ್ಲು ಬಿಡಿಸಲು ಇನ್ನೊಮ್ಮೆ. ಏಪ್ರಿಲ್ ಬಿಸಿಲಿನಲ್ಲಿ ಕತ್ತರಿ ಮುಟ್ಟಬೇಡಿ.

ತಲೆಗೂದಲಿಗೆಂದು ಈಗ ಮನೆಮನೆಯಲ್ಲಿ ರೋಸ್‌ಮೇರಿ ನೀರು ಕಾಯಿಸುತ್ತಿದ್ದಾರೆ, ಸಣ್ಣ ಗಿಡಗಳನ್ನು ಬೋಳಿಸುತ್ತಿದ್ದಾರೆ. ಮೊದಲ ಆರು ತಿಂಗಳು ಗಿಡವನ್ನು ಅದರ ಪಾಡಿಗೆ ಬಿಡಿ. ಆಮೇಲೆ ಬೆಳಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ದು, ಸಣ್ಣ ಕಟ್ಟು ಕಟ್ಟಿ, ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿ. ಬಿಸಿಲಲ್ಲಿ ಒಣಗಿಸಿದರೆ ಎಣ್ಣೆ ಹಾರಿಹೋಗುತ್ತದೆ.

ಎರಿಹೊಲ

ಬೋರಿನ ನೀರಿನ ಮಾತು ಉಳೀತು. ಗಡಸು ನೀರಿಗೆ ಈ ಗಿಡ ಅಂಜೂದಿಲ್ಲ, ಸುಣ್ಣದ ನೆಲದಾಗೂ ಬೆಳಿಯೂ ಗಿಡ. ಆದರ ಉಪ್ಪು ಬ್ಯಾರೆ, ಗಡಸು ಬ್ಯಾರೆ. ಎಲಿ ತುದಿ ಅಷ್ಟೇ ಸುಟ್ಟಂಗ ಕಂದಾಗಿ, ಕುಂಡದ ಕಂಠಕ್ಕ ಬಿಳಿ ಪೊರಿ ಕಟ್ಟಿದ್ರ ಉಪ್ಪು ಕೂಡೈತಿ ಅಂತ ತಿಳೀರಿ. ಡ್ರಮ್ಮಿನ್ಯಾಗ ಹಿಡಿದ ಮಳಿ ನೀರು ಕುಂಡದ ಅಳತಿಯ ಎರಡು ಪಟ್ಟು ಸುರುವಿ ತೊಳೀರಿ. ಮತ್ತ, ರೋಸ್‌ಮೇರಿಗೆ ಸುಣ್ಣ ಹಾಕ್ರಿ ಅಂತ ಪುಸ್ತಕದಾಗ ಇರತೈತಿ. ಅದು ಹುಳಿ ಮಣ್ಣಿನ ಸೀಮಿಗೆ. ನಮ್ಮ ನೀರಾಗ ಸುಣ್ಣ ಮೊದಲ ಐತಿ, ಮ್ಯಾಲ ಮತ್ತ ಹಾಕಬ್ಯಾಡ್ರಿ.

ಚಳ್ಳಕೆರೆ_ಬಿಸಿಲು

ಪೈಪನ್ನು ಡ್ರಮ್ಮಿಗೆ ತಿರುಗಿಸಿದೆ, ಹದಿನೈದು ಕಡ್ಡಿ ಮರಳಿಗೆ ಹಾಕಿದೆ. ಎರಡು ಸಣ್ಣ ಸಂಶಯ: ಕಡ್ಡಿಗಳ ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಬೇಕೆ? ಸತ್ತ ಗಿಡದ ಗುಂಡಿಯ ಮಣ್ಣನ್ನು ಹೊಸ ಮಡಿಗೆ ಬಳಸಬಹುದೆ?

ಮಲ್ಲಿಗೆ_ಪಾತಿ

ಕವರ್ ಬೇಡ. ಗಾಳಿಯಲ್ಲಿ ಇನ್ನೂ ಪಸೆ ಇದೆ, ಒಳಗೆ ಬೆವರು ಕಟ್ಟಿ ಎಲೆ ಕಪ್ಪಾಗುತ್ತದೆ. ಬೆಳಗ್ಗೆ ಒಮ್ಮೆ ಕೈಪಂಪಿನಿಂದ ತುಂತುರು ಹೊಡೆಯಿರಿ ಸಾಕು.

ಹಿರಿಯೂರು_ಹಸಿರು

ಆ ಮಣ್ಣು ಬಳಸಬೇಡಿ. ಬೇರಿನ ಚೂರುಗಳಲ್ಲಿ ರೋಗ ಉಳಿದಿರುತ್ತದೆ. ಬೇರನ್ನೆಲ್ಲ ಆರಿಸಿ ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಮೂಲೆಯಲ್ಲಿ ರೋಸ್‌ಮೇರಿಯನ್ನಾಗಲಿ ಲ್ಯಾವೆಂಡರನ್ನಾಗಲಿ ಮತ್ತೆ ನೆಡದೆ ಮಜ್ಜಿಗೆಹುಲ್ಲಿನ ಬುಡ ನೆಡಿ, ರೋಸ್‌ಮೇರಿಗಿಂತ ಹೆಚ್ಚು ನೀರನ್ನು ಅದು ತಾಳಿಕೊಳ್ಳುತ್ತದೆ. ಮಣ್ಣು ಮುಟ್ಟಿದ ಗುದ್ದಲಿಯನ್ನು ತೊಳೆದು ಬಿಸಿಲಿಗೆ ಒಣಗಿಸಿದ ಮೇಲೆಯೇ ಹೊಸ ಮಡಿಗೆ ಒಯ್ಯಿರಿ.